ರೋಗಿ ಬಯಸಿದ್ದೇನು?

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ನಾವು ಎಷ್ಟು ಸಲ ಆಡಿದ್ದೇವೋ ಲೆಕ್ಕವಿಲ್ಲ. ಕೇಳಿದ ಊರಿಗೇ ವರ್ಗವಾದರೆ ಈ ಗಾದೆ. ಮನಸ್ಸಿಗೆ ಬಂದ ಹುಡುಗಿಯನ್ನೇ ಹಿರಿಯರೂ ಗೊತ್ತುಮಾಡಿದರೆ ಈ ಗಾದೆ. ಆದರೆ ಅದರ ಮಾತಿನ ಕ್ರಮವನ್ನು ಯಾರೂ ಗಮನಿಸಿದಂತಿಲ್ಲ. ಅದರಲ್ಲಿ ರೋಗಿಯ ಬಯಕೆ ಮೊದಲು, ವೈದ್ಯನ ಮಾತು ಆಮೇಲೆ. ಎರಡೂ ಒಂದೇ ಆದದ್ದು ಸುಯೋಗ ಎನ್ನುತ್ತದೆ ಗಾದೆ. ಹಾಗೆನ್ನಬೇಕಾದರೆ ರೋಗಿ ಬಯಸಿದ್ದೇನು ಎಂಬುದು ಯಾರಿಗಾದರೂ ಗೊತ್ತಿದ್ದಿರಲೇಬೇಕಷ್ಟೆ! ಇಂದಿನ ನಮ್ಮ ಆಸ್ಪತ್ರೆಗಳಲ್ಲಿ ಇಂಥ ಗಾದೆ ಹುಟ್ಟುವ ಸಂಭವವೇ ಇಲ್ಲ. ವೈದ್ಯರು ಹೇಳಿದ್ದು ಚೀಟಿಯಲ್ಲಿದೆ. ರೋಗಿ ಬಯಸಿದ್ದು ಎಲ್ಲಿಯೂ ಬರೆದಿಲ್ಲ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಬಸ್ಸಿಗೆ ಸಿಕ್ಕಿ ರಕ್ತ ಸುರಿಸುತ್ತ ಬಂದವನನ್ನು ಮಲಗಿಸಿ, ‘ತಮ್ಮ ಅಭಿಪ್ರಾಯವೇನು ಸ್ವಾಮಿ?’ ಎಂದು ಶಸ್ತ್ರವೈದ್ಯರು ಕೇಳುತ್ತ ನಿಲ್ಲಬೇಕೆಂದು ನಾನು ವಾದಿಸುತ್ತಿಲ್ಲ. ಮೂರು ದಿನ ಇದ್ದು ಹೋಗುವ ಜ್ವರದ ಮಾತೂ ಇದಲ್ಲ. ನನ್ನ ವಾದವೆಲ್ಲ ಬಂದರೆ ಹೋಗದ ಕಾಯಿಲೆಗಳನ್ನು ಕುರಿತದ್ದು: ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸ, ಕೀಲುವಾತ, ಮೂತ್ರಪಿಂಡದ ಸೋಲು. ಇವು ಅತಿಥಿಗಳಲ್ಲ, ಮನೆಯವರೇ ಆಗಿ ನಿಲ್ಲತಕ್ಕವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರ ಜೂನಿನಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ ಎಂದು ಅಂದಾಜು ಮಾಡಿತು. ಅದರ ಹೊಸಿಲಲ್ಲಿ ನಿಂತವರು ಇನ್ನೂ 13.6 ಕೋಟಿ. ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಮಾತ್ರೆಯ ಡಬ್ಬಿಯಿಲ್ಲದ ಮನೆ ನಮ್ಮ ಬಡಾವಣೆಗಳಲ್ಲಿ ಅಪರೂಪವಾಗಿದೆ. ಒಂಬತ್ತು ವರ್ಷಗಳಿಂದ ನಾನೂ ಈ ದೊಡ್ಡ ಸೈನ್ಯದ ಕಾಲಾಳು. ಮಾತನಾಡುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಇಂಥ ಕಾಯಿಲೆಯಲ್ಲಿ ಚಿಕಿತ್ಸೆ ಮಾಡುವವರು ಯಾರು? ವೈದ್ಯರು ಎಂಬುದು ವಾಡಿಕೆಯ ಉತ್ತರ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ನಾಲ್ಕು ಸಲ ವೈದ್ಯರನ್ನು ಕಾಣುತ್ತೇವೆ. ಪ್ರತಿ ಸಲವೂ ಅವರು ಕಾಲು ಗಂಟೆ ಕೊಡುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು ಒಂದು ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,759 ಗಂಟೆ ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುವವನು ರೋಗಿ: ಮಾತ್ರೆ ನುಂಗುವವನು, ಸೂಜಿ ಚುಚ್ಚಿಕೊಳ್ಳುವವನು, ಮದುವೆಯ ಮನೆಯಲ್ಲಿ ಹೋಳಿಗೆ ಮುಂದೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುವವನು. ಕಾಲು ಗಂಟೆ ಎಂದದ್ದು ನನ್ನ ಔದಾರ್ಯ. 67 ದೇಶಗಳ ಲೆಕ್ಕ ತೆಗೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಭಾರತದಲ್ಲಿ ಪ್ರಾಥಮಿಕ ಚಿಕಿತ್ಸೆಯ ವೈದ್ಯರು ಒಬ್ಬ ರೋಗಿಗೆ ಕೊಡಬಲ್ಲ ಸಮಯ ಸುಮಾರು 2 ನಿಮಿಷ. ಅಷ್ಟರಲ್ಲಿ ಚೀಟಿ ಬರೆಯಬಹುದು, ಮಾತು ಕೇಳಲಾಗದು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ನಾಲ್ವರಲ್ಲಿ ವೈದ್ಯನೇ ಪ್ರಧಾನ ಎಂದೂ ಅಲ್ಲಿದೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ರೋಗಿಗೆ ಇರಬೇಕಾದ ನಾಲ್ಕು ಗುಣಗಳಲ್ಲಿ ಹೇಳಿದಂತೆ ನಡೆಯುವುದು ಒಂದಾದರೆ, ‘ಜ್ಞಾಪಕತ್ವ’ ಇನ್ನೊಂದು. ಎಂದರೆ ತನ್ನ ರೋಗವನ್ನು ತಾನು ತಿಳಿಯಹೇಳುವ ಶಕ್ತಿ. ನಮ್ಮ ಆಸ್ಪತ್ರೆಗಳು ಮೊದಲನೆಯ ಗುಣವನ್ನು ಬಿಗಿಯಾಗಿ ಹಿಡಿದುಕೊಂಡು ಎರಡನೆಯದನ್ನು ಕೈಬಿಟ್ಟವು. ಆಯುರ್ವೇದ ಹೆಚ್ಚೋ ಇಂಗ್ಲಿಷ್ ಮದ್ದು ಹೆಚ್ಚೋ ಎಂಬ ಜಗಳಕ್ಕೆ ನಾನು ಇಳಿಯುತ್ತಿಲ್ಲ. ನಾನು ನುಂಗುವುದು ಇಂಗ್ಲಿಷ್ ಮಾತ್ರೆಯನ್ನೇ. ಸಂಸ್ಕೃತದಲ್ಲಿ ರೋಗಿಗೆ ‘ಆತುರ’ ಎಂಬ ಹೆಸರೂ ಉಂಟು; ಕನ್ನಡದಲ್ಲಿ ಆ ಪದಕ್ಕೆ ಅವಸರ ಎಂಬ ಅರ್ಥ ಬಂದಿದೆ. ಈಗ ಆಸ್ಪತ್ರೆಯಲ್ಲಿ ಕಾಯುವವನು ಆತುರನಲ್ಲ. ಆತುರವೆಲ್ಲ ಮೇಜಿನ ಆಚೆ ಬದಿಗೆ ಹೋಗಿದೆ.

ರೋಗಿಗೆ ತಿಳಿದಿರತಕ್ಕದ್ದು, ವೈದ್ಯರಿಗೆ ತಿಳಿಯದಿರತಕ್ಕದ್ದು ಏನಾದರೂ ಇದೆಯೆ? ಇದೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಯನ್ನೇ ತೆಗೆದುಕೊಳ್ಳಿ. ಹಳ್ಳಿಯ ಮುದುಕಿ ರಾತ್ರಿ ಎಂಟಕ್ಕೆ ಉಂಡು, ಬೆಳಗಿನ ಮೊದಲ ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾಳೆ. ಪರೀಕ್ಷೆಯ ಕೋಣೆ ತೆರೆಯುವುದು ಒಂಬತ್ತರ ಮೇಲೆ. ಸಾಲು ಕರಗುವಾಗ ಹತ್ತೂವರೆ. ಆಮೇಲೆ ತಿಂಡಿ ತಿಂದು ಎರಡು ಗಂಟೆ ಕಾದು ಮತ್ತೊಮ್ಮೆ ರಕ್ತ ಕೊಡಬೇಕು. ವರದಿ ಕೈಗೆ ಬರುವ ಹೊತ್ತಿಗೆ ವೈದ್ಯರು ಎದ್ದಿರುತ್ತಾರೆ, ‘ನಾಳೆ ಬನ್ನಿ’. ಎರಡು ದಿನದ ಕೂಲಿ ಹೋಯಿತು, ಜೊತೆಗೆ ಬಂದ ಮಗನ ಕೂಲಿಯೂ ಹೋಯಿತು. ಮುಂದಿನ ಸಲ ಅವಳು ಬರುವುದಿಲ್ಲ. ಅವಳ ಹೆಸರಿನ ಮುಂದೆ ‘ತಪ್ಪಿಸಿಕೊಂಡವರು’ ಎಂದು ದಾಖಲಾಗುತ್ತದೆ. ತಪ್ಪಿಸಿಕೊಂಡವರು ಯಾರು? ಅವಳನ್ನು ಒಂದೇ ಒಂದು ಸಲ ಕೇಳಿದ್ದರೆ, ‘ಆ ಕೋಣೆ ಏಳು ಗಂಟೆಗೆ ತೆಗೀರಪ್ಪ’ ಎಂದು ಒಂದು ವಾಕ್ಯದಲ್ಲಿ ಹೇಳಿಬಿಡುತ್ತಿದ್ದಳು. ಅದಕ್ಕೆ ತಜ್ಞರ ಸಮಿತಿ ಬೇಕಾಗಿರಲಿಲ್ಲ.

ಇನ್ನೊಂದು ಉದಾಹರಣೆ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಮೂತ್ರವನ್ನು ಹೆಚ್ಚಿಸುವ ಒಂದು ಜಾತಿಯುಂಟು. ಅಗ್ಗದ್ದು, ಗುಣವುಳ್ಳದ್ದು. ಅದನ್ನು ಬಸ್ಸಿನಲ್ಲಿ ಕಂಡಕ್ಟರಾಗಿರುವ ಹೆಣ್ಣುಮಗಳಿಗೋ, ಗಾರ್ಮೆಂಟ್ಸಿನಲ್ಲಿ ಬಟ್ಟೆ ಹೊಲಿಯುವವಳಿಗೋ ಬರೆದುಕೊಟ್ಟರೆ ಏನಾಗುತ್ತದೆ? ಮೂರು ಗಂಟೆಯ ಹಾದಿಯಲ್ಲಿ ಹೆಂಗಸರಿಗೆ ತಕ್ಕ ಶೌಚಾಲಯವಿಲ್ಲ. ಕಾರ್ಖಾನೆಯಲ್ಲಿ ಎದ್ದು ಹೋದರೆ ಮೇಲ್ವಿಚಾರಕನ ಕಣ್ಣು. ಅವಳು ಮಾತ್ರೆಯನ್ನು ಭಾನುವಾರ ಮಾತ್ರ ನುಂಗುತ್ತಾಳೆ. ಕಾರಣವನ್ನು ಗಂಡಸಾದ ವೈದ್ಯರಿಗೆ ಹೇಳಲು ನಾಚಿಕೆ. ‘ಮಾತ್ರೆ ಸರಿಯಾಗಿ ತಗೋತಿದ್ದೀಯೇನಮ್ಮಾ?’ ಎಂದರೆ ‘ಹೂಂ ಸಾರ್’ ಎನ್ನುತ್ತಾಳೆ. ಒತ್ತಡ ಇಳಿದಿಲ್ಲವೆಂದು ವೈದ್ಯರು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಬೇರೆ ಗುಂಪಿನ ಮಾತ್ರೆ ಅದೇ ಬೀರುವಿನಲ್ಲಿತ್ತು. ಬೇಕಾಗಿದ್ದದ್ದು ಒಂದು ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರತಂದ ವರದಿಯಲ್ಲಿ, ಮುಂದುವರಿದ ದೇಶಗಳಲ್ಲಿಯೇ ದೀರ್ಘ ಕಾಯಿಲೆಯವರಲ್ಲಿ ಹೇಳಿದಂತೆ ಮದ್ದು ತೆಗೆದುಕೊಳ್ಳುವವರು ಸರಾಸರಿ ಅರ್ಧದಷ್ಟು ಮಾತ್ರ ಎಂದಿತ್ತು. ಉಳಿದ ಅರ್ಧದವರನ್ನು ‘ಉದಾಸೀನರು’ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ. ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರಣವಿದೆ. ಆ ಕಾರಣಗಳ ಪಟ್ಟಿಯೇ ಚಿಕಿತ್ಸೆಯ ಉಳಿದರ್ಧ ಪಾಠ.

ಪಥ್ಯದ ಪಟ್ಟಿಯದು ಬೇರೆಯೇ ಪುರಾಣ. ನನಗೆ ಕೊಟ್ಟ ಅಚ್ಚಿನ ಹಾಳೆಯಲ್ಲಿ ಓಟ್ಸ್ ಇತ್ತು, ಬ್ರೊಕೊಲಿ ಇತ್ತು, ಆಲಿವ್ ಎಣ್ಣೆ ಇತ್ತು. ಮುದ್ದೆ ಇರಲಿಲ್ಲ, ಜೋಳದ ರೊಟ್ಟಿ ಇರಲಿಲ್ಲ, ಹುರುಳಿಕಟ್ಟಿನ ಸಾರು ಇರಲಿಲ್ಲ. ಮುದ್ದೆ ಎಷ್ಟು ಗಾತ್ರದ್ದು ಇರಬೇಕು ಎಂದು ಕೇಳಿದೆ. ಹಾಳೆಯಲ್ಲಿರುವಂತೆ ನಡೆಯಿರಿ ಎಂದರು. ಹಾಳೆ ಇಂಗ್ಲಿಷಿನಲ್ಲಿತ್ತು. ನಾನೇನೋ ಓದಿಕೊಂಡೆ, ನನ್ನ ಹಿಂದೆ ನಿಂತಿದ್ದ ಹಿರಿಯರು ಅದನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನಮ್ಮ ಮಾತ್ರೆಯ ಪಟ್ಟಿಗಳನ್ನೂ ನೋಡಿ. ಕನ್ನಡದ ನೆಲದಲ್ಲಿ ಕನ್ನಡಿಗ ನುಂಗುವ ಮಾತ್ರೆಯ ಮೇಲೆ ಕನ್ನಡದ ಅಕ್ಷರ ಹುಡುಕಿದರೆ ಸಿಕ್ಕುವುದಿಲ್ಲ. ಬೆಳಗಿನದು ಯಾವುದು, ರಾತ್ರಿಯದು ಯಾವುದು ಎಂಬುದನ್ನು ನಮ್ಮ ತಾಯಂದಿರು ಬಣ್ಣದಿಂದ ಗುರುತು ಹಿಡಿಯುತ್ತಾರೆ. ಕಂಪನಿ ಬದಲಾಗಿ ಬಣ್ಣ ಬದಲಾದ ತಿಂಗಳು ದೇವರೇ ಗತಿ.

ಭಾಷೆಯ ಮಾತು ಬಂದದ್ದರಿಂದ ಮೇಷ್ಟರ ಚಾಳಿಯಂತೆ ಇನ್ನೊಂದು ಮಾತು ಸೇರಿಸುತ್ತೇನೆ. ನೋವನ್ನು ಹೇಳಲು ಕನ್ನಡದಲ್ಲಿ ಇರುವಷ್ಟು ಪದಗಳು ಯಾವ ಆಸ್ಪತ್ರೆಯ ದಾಖಲೆಯಲ್ಲೂ ಇಲ್ಲ. ಸೆಳೆತ, ಚಳಕು, ಉರಿ, ನುಲಿತ, ಜೋಮು, ಜುಮುಗುಡುವುದು, ಮರಗಟ್ಟುವುದು, ಇರುವೆ ಹರಿದಂತಾಗುವುದು—ಒಂದೊಂದೂ ಬೇರೆ ಅನುಭವ. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿನ್ನತೊಡಗಿದಾಗ ರೋಗಿ ಮೊದಲು ಹೇಳುವುದು ಇಂಥ ಮಾತುಗಳನ್ನೇ: ‘ಹತ್ತಿಯ ಮೇಲೆ ನಡೆದಂತಾಗುತ್ತದೆ’, ‘ಚಪ್ಪಲಿ ಜಾರಿದ್ದು ಗೊತ್ತಾಗುವುದಿಲ್ಲ’. ಚೀಟಿಯಲ್ಲಿ ಇದೆಲ್ಲ ಸೇರಿ ‘ಪೇನ್’ ಎಂಬ ಎರಡು ಅಕ್ಷರವಾಗುತ್ತದೆ. ಆಮೇಲೆ ಹುಣ್ಣಾಗುತ್ತದೆ, ಹುಣ್ಣು ಮಾಗದೆ ಬೆರಳು ಹೋಗುತ್ತದೆ. ಕೇಳಿಸಿಕೊಳ್ಳದ ಒಂದು ಉಪಮೆಯ ಬೆಲೆ ಒಂದು ಬೆರಳು!

ರೋಗಿಗಳು ತಾವಾಗಿ ಕಂಡುಕೊಂಡ ಉಪಾಯಗಳನ್ನು ಮೂಢನಂಬಿಕೆ ಎಂದು ತಳ್ಳುವ ಮೊದಲು ಪರೀಕ್ಷಿಸಿ ನೋಡುವುದು ಲೇಸು. ಶೀತಪೆಟ್ಟಿಗೆಯಿಲ್ಲದ ಮನೆಗಳಲ್ಲಿ ಇನ್ಸುಲಿನ್ ಬಾಟಲಿಯನ್ನು ಒದ್ದೆ ಮರಳಿನ ನಡುವೆ ಮಣ್ಣಿನ ಕುಡಿಕೆಯಲ್ಲಿ ಇಡುವವರಿದ್ದಾರೆ. ಕೀನ್ಯದ ದಾದಾಬ್ ನಿರಾಶ್ರಿತರ ಶಿಬಿರದಲ್ಲಿಯೂ ಮನೆಗಳಲ್ಲಿ ಶೀತಪೆಟ್ಟಿಗೆಯಿಲ್ಲ. ಅಲ್ಲಿನ ಮನೆಗಳ ತಾಪಮಾನವನ್ನು ಅಳೆದು, 25ರಿಂದ 37 ಡಿಗ್ರಿಯವರೆಗೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಶಕ್ತಿಗುಂದುವುದಿಲ್ಲವೆಂದು ವಿಜ್ಞಾನಿಗಳು 2021ರಲ್ಲಿ ತೋರಿಸಿಕೊಟ್ಟರು. ಬಾಟಲಿಯನ್ನು ಬಿಸಿಲಿಗಿಡಿ ಎಂದು ಇದರ ಅರ್ಥವಲ್ಲ. ಬಡವರ ಮನೆಯ ಕಷ್ಟವನ್ನು ಪ್ರಶ್ನೆಯಾಗಿ ಸ್ವೀಕರಿಸಿದರೆ ವಿಜ್ಞಾನಕ್ಕೂ ಹೊಸ ದಾರಿ ತೆರೆಯುತ್ತದೆ ಎಂದು ಅರ್ಥ.

ಇಷ್ಟೆಲ್ಲ ಹೇಳಿದರೆ ಅಧಿಕಾರಿಗಳು ನಗುತ್ತ ಗೋಡೆಯ ಕಡೆ ಬೆರಳು ಮಾಡುತ್ತಾರೆ: ‘ಅಭಿಪ್ರಾಯ ಪೆಟ್ಟಿಗೆ ಇದೆಯಲ್ಲ ಸಾರ್!’ ಇದೆ, ಬೀಗ ತುಕ್ಕು ಹಿಡಿದಿದೆ. ಕೇಂದ್ರ ಸರ್ಕಾರ 2016ರಲ್ಲಿ ‘ಮೇರಾ ಅಸ್ಪತಾಲ್’ ಎಂಬ ಏರ್ಪಾಡು ಮಾಡಿ, ಆಸ್ಪತ್ರೆಗೆ ಬಂದುಹೋದವರನ್ನು ಮೊಬೈಲಿನಲ್ಲಿ ವಿಚಾರಿಸಿಕೊಳ್ಳತೊಡಗಿತು. ಒಳ್ಳೆಯದೇ. ಆದರೆ ತೃಪ್ತಿಯಾಯಿತೆ, ಇಲ್ಲವೆ, ಇಲ್ಲದಿದ್ದರೆ ಈ ಕಾರಣಗಳಲ್ಲಿ ಯಾವುದು ಎಂದು ಕೇಳುವುದು ಹೋಟೆಲಿನವನು ‘ಊಟ ಹೇಗಿತ್ತು?’ ಎಂದು ಕೇಳಿದ ಹಾಗೆ. ಅಡುಗೆಮನೆಗೆ ಬಂದು ಏನು ಬೇಯಿಸಬೇಕೆಂದು ಹೇಳಿ ಎಂದ ಹಾಗಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಆಸ್ಪತ್ರೆಗಳಿಗೆ ‘ರೋಗಿ ಕಲ್ಯಾಣ ಸಮಿತಿ’ಗಳು ಬಂದವು, ನಮ್ಮಲ್ಲಿ ಅವಕ್ಕೆ ಆರೋಗ್ಯ ರಕ್ಷಾ ಸಮಿತಿ ಎಂದು ಹೆಸರು. ಜನಪ್ರತಿನಿಧಿಗಳು, ಅಧಿಕಾರಿಗಳು, ವೈದ್ಯಾಧಿಕಾರಿಗಳು, ಸಂಘಸಂಸ್ಥೆಯವರು ಅಲ್ಲಿ ಕೂರುತ್ತಾರೆ. ನಿಮ್ಮ ಊರಿನ ಸಮಿತಿಯಲ್ಲಿ ರೋಗಿ ಎಂಬ ಒಂದೇ ಯೋಗ್ಯತೆಯಿಂದ ಕುಳಿತ ರೋಗಿ ಎಷ್ಟು ಮಂದಿ ಎಂದು ವಿಚಾರಿಸಿ ನೋಡಿ. ವರನಿಲ್ಲದ ಮದುವೆಯ ಮಾತುಕತೆ!

ಇನ್ನು ಖಾಸಗಿ ವಲಯ. 2017ರ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ತಿದ್ದುಪಡಿ ಮಸೂದೆ ಬೆಳಗಾವಿಯ ಅಧಿವೇಶನಕ್ಕೆ ಬಂದಾಗ ಖಾಸಗಿ ವೈದ್ಯರು ಸೇವೆ ನಿಲ್ಲಿಸಿದ್ದು ಓದುಗರಿಗೆ ನೆನಪಿರಬಹುದು. ಸರ್ಕಾರ ವೈದ್ಯರೊಡನೆ ಮಾತನಾಡಿತು, ವೈದ್ಯರು ಸರ್ಕಾರದೊಡನೆ ಮಾತನಾಡಿದರು, ಮಸೂದೆ ಬದಲಾಗಿ ಅಂಗೀಕಾರವಾಯಿತು. ಯಾರ ದೇಹವನ್ನು ಕುರಿತು ಆ ಕಾನೂನು ಬಂತೋ ಅವರು ಮುಚ್ಚಿದ ಬಾಗಿಲ ಮುಂದೆ ಟೋಕನ್ ಹಿಡಿದು ನಿಂತಿದ್ದರು.

‘ರೋಗಿಗೇನು ಗೊತ್ತು?’ ಎಂಬುದು ಹಳೆಯ ಆಕ್ಷೇಪ. ಇದಕ್ಕೆ ಇತಿಹಾಸವೇ ಉತ್ತರ ಹೇಳಿದೆ. 1983ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಕೆಲವು ಮಂದಿ ಏಡ್ಸ್ ರೋಗಿಗಳು ಸಮ್ಮೇಳನದ ವೇದಿಕೆಯೇರಿ, ತಮ್ಮನ್ನು ಬಲಿಪಶುಗಳೆಂದು ಕರೆಯಬಾರದು, ತಮ್ಮನ್ನು ಕುರಿತ ನಿರ್ಧಾರದ ಪ್ರತಿ ಹಂತದಲ್ಲೂ ತಮಗೆ ಸ್ಥಾನವಿರಬೇಕು ಎಂದು ಸಾರಿದರು. ರೋಗಿಗಳ ಆ ಚಳವಳಿ ಲೋಕವನ್ನೆಲ್ಲ ಸುತ್ತಿತು. ಅವರ ಕೂಗಿಲ್ಲದೆ ಹೋಗಿದ್ದರೆ ಅಂದಿನ ದುಬಾರಿ ಔಷಧ ಬಡವರ ಕೈಗೆ ಅಷ್ಟು ಬೇಗ ಬರುತ್ತಿರಲಿಲ್ಲ. ಭಾರತದಲ್ಲಿ 2004ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. 2017ರಲ್ಲಿ ಆ ರೋಗಿಗಳನ್ನು ಭೇದದಿಂದ ಕಾಣಬಾರದೆಂಬ ಕಾನೂನು ಬಂತು. ಕ್ಷಯದ ವಿಷಯ ನೋಡಿ. ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೆಜಾ ಟಿಸಿಲೆ, ಇಬ್ಬರೂ ಹಳೆಯ ಔಷಧದ ದುಷ್ಪರಿಣಾಮದಿಂದ ಕಿವಿ ಕಳೆದುಕೊಂಡವರು. ಬೆಡಾಕ್ವಿಲಿನ್ ಎಂಬ ಹೊಸ ಮಾತ್ರೆಯ ಪೇಟೆಂಟನ್ನು ಕಂಪನಿ ಇನ್ನಷ್ಟು ವರ್ಷ ಹಿಡಿದಿಟ್ಟುಕೊಳ್ಳಹೊರಟಾಗ ಅವರು 2019ರಲ್ಲಿ ತಕರಾರು ಅರ್ಜಿ ಹಾಕಿದರು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಕಂಪನಿಯ ಕೋರಿಕೆಯನ್ನು ತಳ್ಳಿಹಾಕಿತು. ಕಿವಿ ಕೇಳದ ಇಬ್ಬರು ಹೆಣ್ಣುಮಕ್ಕಳು ಕಿವಿಯಿದ್ದೂ ಕೇಳದ ಲೋಕಕ್ಕೆ ಮಾತು ಕೇಳಿಸಿದರು.

ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರು ವೈದ್ಯರು, ಜೊತೆಗೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯನ್ನು ಸ್ವತಃ ಹೊತ್ತು ಬದುಕುತ್ತಿರುವವರು. ಅವರು ಮತ್ತು ಅವರಂಥ ರೋಗಿಗಳು ಸೇರಿ ಕಟ್ಟಿದ ಸಂಸ್ಥೆಯಿಂದ, ಈ ಕಾಯಿಲೆಯ ಹೆಸರನ್ನೇ ಕೇಳದಿದ್ದ ಎಷ್ಟೋ ಮನೆಗಳಿಗೆ ಚಿಕಿತ್ಸೆ ದೊರಕಿತು. ನೋವನ್ನು ಬಲ್ಲವನ ಕೈಯಲ್ಲಿ ವಿದ್ಯೆಯೂ ಇದ್ದರೆ ಏನಾಗಬಲ್ಲುದು ಎಂಬುದಕ್ಕೆ ಅದೊಂದು ನಿದರ್ಶನ. ಎಲ್ಲ ವೈದ್ಯರೂ ರೋಗಿಗಳಾಗಬೇಕೆಂದು ಹಾರೈಸುವಷ್ಟು ಕ್ರೂರಿ ನಾನಲ್ಲ; ರೋಗಿಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ ಎಂದಷ್ಟೇ ನನ್ನ ಬೇಡಿಕೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ರೋಗಿಗಳಿಗೆ ಬಾಯಿ ಕೊಟ್ಟರೆ ವಾಟ್ಸಾಪಿನ ವೈದ್ಯವೆಲ್ಲ ಒಳಗೆ ನುಗ್ಗುತ್ತದೆ. ಹಾಗಲಕಾಯಿ ರಸ ಕುಡಿದು ಇನ್ಸುಲಿನ್ ಬಿಡಿ ಎನ್ನುವವರು ಸಮಿತಿಯಲ್ಲಿ ಕೂರುತ್ತಾರೆ ಎಂಬುದು. ಅಪಾಯ ನಿಜ. ಆದರೆ ಜನ ಅಂಥವರ ಬಳಿಗೆ ಹೋಗುವುದೇಕೆ? ಅಲ್ಲಿ ಒಬ್ಬ ಮನುಷ್ಯ ಎದುರಿಗೆ ಕುಳಿತು ಅರ್ಧ ಗಂಟೆ ಕೇಳಿಸಿಕೊಳ್ಳುತ್ತಾನೆ. ಮದ್ದು ಸುಳ್ಳಾದರೂ ಕಿವಿ ನಿಜ. ನಿಜವಾದ ಮದ್ದಿರುವ ಕಡೆ ಕಿವಿಯೂ ಇದ್ದರೆ ಸುಳ್ಳು ವೈದ್ಯನ ಅಂಗಡಿ ತಾನಾಗಿ ಬರಿದಾಗುತ್ತದೆ. ಯಾವ ಮಾತ್ರೆ, ಎಷ್ಟು ಪ್ರಮಾಣ ಎಂಬುದನ್ನು ವೈದ್ಯಶಾಸ್ತ್ರ ನಿರ್ಧರಿಸಲಿ. ಆ ಮಾತ್ರೆ ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ, ಯಾವ ಭಾಷೆಯಲ್ಲಿ, ಎಷ್ಟು ದಿನಕ್ಕೆ ಎಂಬುದರಲ್ಲಿ ರೋಗಿಯ ಮಾತು ನಡೆಯಲಿ.

ವೈದ್ಯರ ಮೇಲೆ ನನಗೆ ಹಗೆಯಿಲ್ಲ. ಒಂದು ಬೆಳಿಗ್ಗೆ ನೂರೈವತ್ತು ಮಂದಿಯನ್ನು ನೋಡಬೇಕಾದ ಸರ್ಕಾರಿ ವೈದ್ಯರಿಗೆ ನಗುಮುಖದ ಉಪದೇಶ ಮಾಡುವುದು ಅನ್ಯಾಯ. ಅವರ ಮೇಲೆ ಕೈಮಾಡುವ ಪುಂಡರ ಪರವಾಗಿ ಒಂದಕ್ಷರವನ್ನೂ ನಾನು ಬರೆಯಲಾರೆ. ಆದರೆ ಇಷ್ಟು ಹೇಳಬಲ್ಲೆ: ವೈದ್ಯರ ಕೊರತೆಯನ್ನು, ಔಷಧದ ಕೊರತೆಯನ್ನು ಮೇಲಿನವರಿಗೆ ಮುಟ್ಟಿಸಲು ವೈದ್ಯರಿಗೆ ರೋಗಿಗಿಂತ ಒಳ್ಳೆಯ ಸಾಕ್ಷಿ ಸಿಕ್ಕಲಾರ. ಇಬ್ಬರೂ ಒಂದೇ ಪಕ್ಷದವರು.

ಕೊನೆಯದಾಗಿ ನಮ್ಮ ಮಾತು—ಭಾನುವಾರದ ಕಾಫಿಯೊಡನೆ ಇದನ್ನು ಓದುತ್ತಿರುವ ನಮ್ಮ, ನಿಮ್ಮ ಮಾತು. ನಮಗೆ ವಿಮೆಯಿದೆ, ಪರಿಚಯದ ವೈದ್ಯರಿದ್ದಾರೆ, ಸಾಲು ತಪ್ಪಿಸುವ ದಾರಿಗಳಿವೆ. ತರಕಾರಿಯವನೊಡನೆ ಐದು ರೂಪಾಯಿಗೆ ಜಗಳವಾಡುವ ನಾವು, ಸಾವಿರಾರು ರೂಪಾಯಿ ತೆತ್ತು ವೈದ್ಯರ ಮುಂದೆ ಕೈಕಟ್ಟಿ ಕೂರುತ್ತೇವೆ. ಹೊರಗೆ ಬಂದು ವಾಹನ ನಿಲ್ಲಿಸಿದ ಕಡೆ ಗೊಣಗುತ್ತೇವೆ. ಗೊಣಗಾಟ ಅಭಿಪ್ರಾಯವಲ್ಲ. ಬರೆಯಬಲ್ಲವರು, ಸಭೆಯಲ್ಲಿ ಎದ್ದು ಮಾತನಾಡಬಲ್ಲವರು ನಾವು ಸುಮ್ಮನಿದ್ದರೆ ಆ ಮುದುಕಿಯ ಪರವಾಗಿ ಪರೀಕ್ಷೆಯ ಕೋಣೆಯನ್ನು ಏಳು ಗಂಟೆಗೆ ತೆಗೆಸುವವರು ಯಾರು?

ಬೇಕಾದದ್ದು ಬಹಳವೇನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಆರು ತಿಂಗಳಿಗೊಮ್ಮೆ ದೀರ್ಘ ಕಾಯಿಲೆಯವರ ಸಭೆ ಸೇರಬೇಕು. ನಡವಳಿಯನ್ನು ಕನ್ನಡದಲ್ಲಿ ಬರೆದು, ಯಾವುದನ್ನು ಮಾಡಿದೆವು, ಯಾವುದನ್ನು ಏಕೆ ಮಾಡಲಿಲ್ಲ ಎಂದು ಗೋಡೆಗೆ ಹಚ್ಚಬೇಕು. ಬ್ರೆಜಿಲ್ ದೇಶ 1990ರಲ್ಲೇ ಆರೋಗ್ಯ ಮಂಡಳಿಗಳಲ್ಲಿ ಅರ್ಧ ಸ್ಥಾನಗಳನ್ನು ಸೇವೆ ಪಡೆಯುವವರಿಗೆ ಕಾನೂನಿನಿಂದ ಕೊಟ್ಟಿತು. ನಮ್ಮ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಮೂರರಲ್ಲಿ ಒಂದನ್ನಾದರೂ ರೋಗಿಗಳಿಗೆ, ಅದರಲ್ಲಿ ಅರ್ಧವನ್ನು ಹೆಂಗಸರಿಗೆ ಮೀಸಲಿಡಬೇಕು. ಮಾತ್ರೆಯೊಡನೆ ಕನ್ನಡದ ಚೀಟಿ ಬರಬೇಕು. ಓದಲು ಬಾರದವರಿಗೆ ಸೂರ್ಯ ಚಂದ್ರರ ಚಿತ್ರವಾದರೂ ಇರಬೇಕು. 2019ರಿಂದ ವೈದ್ಯ ವಿದ್ಯಾರ್ಥಿಗಳಿಗೆ ನಡವಳಿಕೆ, ನೀತಿ, ಸಂವಹನಗಳ ಪಾಠ ಬಂದಿದೆ; ಅದನ್ನು ಹೇಳಿಕೊಡಲು ವರ್ಷಕ್ಕೆ ನಾಲ್ಕು ದಿನ ರೋಗಿಗಳನ್ನೇ ಕರೆಸಬೇಕು. 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ, ಬಿಪಿ ಶುಗರ್ ಪರೀಕ್ಷೆಯನ್ನೂ ಮಾತ್ರೆಯನ್ನೂ ಮನೆಬಾಗಿಲಿಗೆ ತರುವ ಸಂಕಲ್ಪದ್ದು. ಸಂತೋಷ. ಬಾಗಿಲಿಗೆ ಬಂದವರು ಹೊಸಿಲಲ್ಲಿ ಒಂದು ಗಳಿಗೆ ಕೂರಲಿ. ರಕ್ತದ ಹನಿಯೊಡನೆ ಮನೆಯವರ ಒಂದು ಮಾತನ್ನೂ ಬರೆದುಕೊಳ್ಳಲಿ. ಆಸ್ಪತ್ರೆಯ ಮಾತ್ರೆ ಮನೆಗೆ ಬರುವುದಾದರೆ ಮನೆಯ ಮಾತು ಆಸ್ಪತ್ರೆಗೆ ಹೋಗಬಾರದೆ?